ನೋವಿದ್ದ ದಿನ ಮಾತ್ರ ನ್ಯಾಪ್ರಾಕ್ಸೆನ್ ತಗೊಂಡರೆ ಸಾಕಾ, ದಿನಾ ತಗೋಬೇಕಾ?

ಇಬ್ಬನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ, ಕೀಲು ಊದುವ ಕಾಯಿಲೆ) ಇದೆ. ಎರಡೂ ಮಣಿಕಟ್ಟು, ಬೆರಳಿನ ಬುಡದ ಗೆಣ್ಣುಗಳು, ಪಾದದ ಮುಂಭಾಗ, ಇಷ್ಟು ಕಡೆ ಊತ. ವಾರಕ್ಕೊಂದು ದಿನ ಮೆಥೋಟ್ರೆಕ್ಸೇಟ್ 15 ಮಿ.ಗ್ರಾಂ, ಅದರ ಜೊತೆಗೆ ಫೋಲಿಕ್ ಆಸಿಡ್. ಇದು ಶುರುವಾಗಿ ಹೆಚ್ಚು ದಿನ ಆಗಿಲ್ಲ. ಇದಲ್ಲದೆ ನೋವು, ಊತಕ್ಕೆ ನ್ಯಾಪ್ರಾಕ್ಸೆನ್ 500 ದಿನಕ್ಕೆ ಎರಡು ಸಲ, ಊಟ ಆದ ಮೇಲೆ. ಬೆಳಿಗ್ಗೆ ಒಂದು ಒಮೆಪ್ರಜೋಲ್, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ. ಚೀಟಿಯಲ್ಲಿ ಇರುವುದು ಇಷ್ಟು.

ಮೆಥೋಟ್ರೆಕ್ಸೇಟ್ ಒಂದು ವಾರವೂ ತಪ್ಪಿಸಿಲ್ಲ. ನನ್ನ ಪ್ರಶ್ನೆ ನ್ಯಾಪ್ರಾಕ್ಸೆನ್ ಬಗ್ಗೆ. ಅದನ್ನು ನಾನು ಚೀಟಿಯಲ್ಲಿ ಇದ್ದ ಹಾಗೆ ತಗೊಳ್ಳುವುದಿಲ್ಲ. ಮರೆವು ಅಲ್ಲ, ಯೋಚನೆ ಮಾಡಿಯೇ ಬಿಡುತ್ತೇನೆ. ಹಾಳೆಯಿಂದ ಮಾತ್ರೆ ಒತ್ತಿ ತೆಗೆಯುವಾಗಲೇ ಆ ದಿನದ ಅಂದಾಜು ಸಿಕ್ಕಿಬಿಡುತ್ತದೆ. ಹೆಬ್ಬೆರಳಲ್ಲೇ ಒತ್ತಲು ಬಂದರೆ ಒಳ್ಳೆಯ ದಿನ, ಮಾತ್ರೆ ವಾಪಸ್ ಡಬ್ಬಿಗೆ. ಪೆನ್ನಿನ ಹಿಂಬದಿಯಿಂದ ಒತ್ತಿ ತೆಗೆಯಬೇಕಾದರೆ ಕೆಟ್ಟ ದಿನ, ಆಗ ನುಂಗುತ್ತೇನೆ. ಕೈಗೆ ಜಾಸ್ತಿ ಕೆಲಸ ಇದೆ ಅಂತ ಮೊದಲೇ ಗೊತ್ತಿದ್ದರೆ ಹಿಂದಿನ ರಾತ್ರಿಯೇ ಒಂದು ತಗೊಳ್ಳುತ್ತೇನೆ.

ಹೀಗೆ ಮಾಡಲು ಕಾರಣ ಭಯ. ಈ ಮಾತ್ರೆ ಕಿಡ್ನಿ ತಿನ್ನುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ದಿನಾ ತಗೊಂಡರೆ ದೇಹ ಒಗ್ಗಿಹೋಗಿ, ನಿಜವಾಗಿ ಬೇಕಾದಾಗ ಕೆಲಸ ಮಾಡದೇ ಇದ್ದರೆ? ನೋವು ಗೊತ್ತಾಗದೇ ಹೋದರೆ ಕೀಲನ್ನು ಸುಮ್ನೆ ಜಾಸ್ತಿ ದುಡಿಸಿ ಹಾಳು ಮಾಡಿಕೊಳ್ಳುತ್ತೇನಾ? ಇನ್ನೊಂದು ಕಡೆ, ಬಿಟ್ಟ ದಿನಗಳಲ್ಲಿ ಕೀಲು ಒಳಗೊಳಗೇ ಸವೆಯುತ್ತಿದೆಯೇನೋ ಅನ್ನುವ ಚಿಂತೆ.

ಡಾಕ್ಟರ್ ಹತ್ತಿರ ಹೋಗುವ ದಿನ ಬೆಳಗಿನ ಮಾತ್ರೆ ತಗೊಳ್ಳುವುದಿಲ್ಲ. ಇರುವ ಊತ ಅವರಿಗೆ ಕಾಣಲಿ ಅಂತ. ಇದು ಸರೀನಾ?

ಹಳೇಬೇರು:

ನನ್ನದು ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆಯ ಕಾಯಿಲೆ. ಹಾಗಾಗಿ ನನ್ನ ಉತ್ತರವನ್ನು ನಿಮಗೆ ಹಾಗೇ ಅಂಟಿಸಿಕೊಳ್ಳಬೇಡಿ. ಆದರೂ ಹೇಳುತ್ತೇನೆ. ಇಲ್ಲಿ ಎಷ್ಟೋ ಜನ ಒಂದು ಕಾಯಿಲೆಯ ನಿಯಮವನ್ನು ಇನ್ನೊಂದಕ್ಕೆ ಹಾಕಿಬಿಡುತ್ತಾರೆ.

ನಮ್ಮ ಕಾಯಿಲೆಗೆ ಮೊದಲ ಔಷಧಿಯೇ ನ್ಯಾಪ್ರಾಕ್ಸೆನ್ ಗುಂಪಿನ ಮಾತ್ರೆ. ಮೆಥೋಟ್ರೆಕ್ಸೇಟ್ ಬೆನ್ನುಮೂಳೆಗೆ ಕೆಲಸ ಮಾಡುವುದಿಲ್ಲ. ನನಗೆ ಅದೇ ಗುಂಪಿನ ಎಟೋರಿಕಾಕ್ಸಿಬ್ 90 ಬರೆದಾಗ ಡಾಕ್ಟರ್ ಹೇಳಿದ್ದು ಹೀಗೆ: ಕೆಲವು ವಾರ ಒಂದು ದಿನವೂ ಬಿಡದೆ ಪೂರ್ತಿ ಡೋಸ್ ತಗೊಳ್ಳಿ, ಆಮೇಲೆ ಮಾತಾಡೋಣ. ಒಂದು ಮಾತ್ರೆ ಫಲ ಕೊಟ್ಟಿಲ್ಲ ಅನ್ನಲು ಎರಡರಿಂದ ನಾಲ್ಕು ವಾರ ಪೂರ್ತಿ ಡೋಸ್‌ನಲ್ಲಿ ನೋಡಬೇಕಂತೆ. ಹಾಗೆ ಕನಿಷ್ಠ ಎರಡು ಬೇರೆ ಬೇರೆ ಮಾತ್ರೆ ನೋಡಿ, ಎರಡೂ ಆಗದಿದ್ದರೆ ಇಂಜೆಕ್ಷನ್‌ನ ಬಯಾಲಜಿಕ್ ಔಷಧಿಗಳ ಮಾತು. ಮಧ್ಯೆ ಮಧ್ಯೆ ಬಿಟ್ಟು ತಗೊಂಡು "ಇದು ಆಗಲಿಲ್ಲ" ಅಂದರೆ, ಆ ಮಾತ್ರೆಯನ್ನು ಪರೀಕ್ಷೆ ಮಾಡಿದ ಹಾಗೇ ಆಗುವುದಿಲ್ಲ ಅಲ್ವಾ.

ನನಗೆ ಬೆಳಗಿನ ಜಾವ ಬೆನ್ನು ಹಿಡಿದು ಎಚ್ಚರವಾಗುತ್ತಿತ್ತು. ಮಲಗಿದಷ್ಟೂ ಬಿಗಿತ, ಎದ್ದು ಓಡಾಡಿದರೆ ಸಡಿಲ. ಪೂರ್ತಿ ಡೋಸ್ ಆದ ಮೇಲೆ ರಾತ್ರಿ ನಿದ್ದೆ ಬಂತು, ಬೆಳಿಗ್ಗೆ ವ್ಯಾಯಾಮ ಮಾಡಲು ಆಯಿತು. ಈಗ ಕಾಯಿಲೆ ಹತೋಟಿಯಲ್ಲಿದೆ. ಡಾಕ್ಟರ್ ಒಪ್ಪಿಗೆಯ ಮೇಲೆ ಬೇಕಾದಾಗ ಮಾತ್ರ ತಗೊಳ್ಳುತ್ತೇನೆ.

ಕೈಮರ:

ಇಬ್ಬನಿಯವರೇ, ಬಹಳ ವರ್ಷಗಳಿಂದ ನಾನೂ ಆರ್‌ಎ ಜೊತೆ ಬದುಕುತ್ತಿದ್ದೇನೆ. ನಿಮ್ಮ ಪೆನ್ನಿನ ಹಿಂಬದಿ ಓದಿ ನನ್ನದೇ ಕೈ ನೋಡಿದ ಹಾಗಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಒಂದೊಂದು ಭಯಕ್ಕೂ ಬೇರೆ ಬೇರೆ ಉತ್ತರ ಇದೆ.

ಮೊದಲು ಕೀಲು ಸವೆಯುವ ವಿಷಯ. ನಮ್ಮ ಕಾಯಿಲೆಯಲ್ಲಿ ಮೂಳೆ ಸವೆಯುವುದನ್ನು ನಿಧಾನಿಸುವ ಕೆಲಸ ಮೆಥೋಟ್ರೆಕ್ಸೇಟ್‌ನದು, ನ್ಯಾಪ್ರಾಕ್ಸೆನ್‌ನದಲ್ಲ. ನ್ಯಾಪ್ರಾಕ್ಸೆನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಇವೆಲ್ಲ ನೋವು, ಊತ, ಬಿಗಿತ ಕಡಿಮೆ ಮಾಡುತ್ತವೆ. ಕಾಯಿಲೆಯ ಓಟವನ್ನು ತಡೆಯುವುದಿಲ್ಲ. ಹಾಗಾಗಿ ಒಂದು ಒಳ್ಳೆಯ ದಿನ ನ್ಯಾಪ್ರಾಕ್ಸೆನ್ ಬಿಟ್ಟಿರಿ ಅಂತ ಕೀಲು ಹಾಳಾಗಲಿಲ್ಲ. ಈ ಚಿಂತೆ ಬಿಟ್ಟುಬಿಡಿ. ಇದರ ತಿರುಗುಮುರುಗೇ ನಿಜವಾದ ಅಪಾಯ: ನ್ಯಾಪ್ರಾಕ್ಸೆನ್‌ನಿಂದ ಹಾಯಾಗಿದೆ ಅಂತ ಮೆಥೋಟ್ರೆಕ್ಸೇಟ್ ಬಿಡುವುದು. ಅದನ್ನು ಮಾಡಿದವರನ್ನು ನೋಡಿದ್ದೇನೆ. ವಾರಕ್ಕೊಮ್ಮೆ ನುಂಗುವ ಮಾತ್ರೆ ಆ ದಿನಕ್ಕೆ ಏನೂ ಮಾಡಿದಂತೆ ಕಾಣುವುದಿಲ್ಲ, ಹೊಟ್ಟೆ ತೊಳಸುತ್ತದೆ ಬೇರೆ. ನೋವಿನ ಮಾತ್ರೆ ಗಂಟೆಯೊಳಗೆ ಗುಣ ತೋರಿಸುತ್ತದೆ. ಯಾವುದರ ಮೇಲೆ ನಂಬಿಕೆ ಬರುತ್ತದೆ ಹೇಳಿ? ಮೆಥೋಟ್ರೆಕ್ಸೇಟ್ ಫಲ ಕಾಣಲು 6ರಿಂದ 12 ವಾರ ಬೇಕು. ಆ ನಡುವಿನ ಸಮಯ ದಾಟಿಸಲು ನಿಮಗೆ ನ್ಯಾಪ್ರಾಕ್ಸೆನ್ ದಿನಾ ಬರೆದಿರಬಹುದು. ಇದು ನನ್ನ ಊಹೆ, ನೀವು ಕೇಳಿ ಖಚಿತ ಮಾಡಿಕೊಳ್ಳಿ.

ದಿನಾ ತಗೊಳ್ಳುವುದಕ್ಕೂ ಬೇಕಾದಾಗ ತಗೊಳ್ಳುವುದಕ್ಕೂ ಫಲದಲ್ಲಿ ವ್ಯತ್ಯಾಸ ಇದೆ. ಊದಿದ ಕೀಲಿನಲ್ಲಿ ಪ್ರೋಸ್ಟಗ್ಲಾಂಡಿನ್ ಅನ್ನುವ ವಸ್ತು ಜಾಸ್ತಿ ತಯಾರಾಗುತ್ತದೆ. ಬಿಸಿ, ಊತ, ನೋವಿನಲ್ಲಿ ಅದರ ಪಾತ್ರ ದೊಡ್ಡದು. ಅದನ್ನು ತಯಾರಿಸುವ ಕಿಣ್ವವನ್ನು ಈ ಮಾತ್ರೆಗಳು ತಡೆಯುತ್ತವೆ. ಆಸ್ಪಿರಿನ್ 1899ರಲ್ಲೇ ಮಾರುಕಟ್ಟೆಗೆ ಬಂದರೂ ಅದು ಹೀಗೆ ಕೆಲಸ ಮಾಡುತ್ತದೆ ಅಂತ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರ ನೊಬೆಲ್ ಅವರಿಗೆ ಬಂದದ್ದು ಇದೇ ಪ್ರೋಸ್ಟಗ್ಲಾಂಡಿನ್ ಕೆಲಸಕ್ಕೆ. ಒಂದು ಮಾತ್ರೆ ನುಂಗಿದರೆ ನೋವು ಬೇಗ ತಗ್ಗುತ್ತದೆ. ಊತ ಇಳಿಯುವುದು ಹಾಗಲ್ಲ. ಪೂರ್ತಿ ಡೋಸ್ ಬಿಡದೆ ತಗೊಂಡರೂ ಅದರ ಪೂರ್ತಿ ಗುಣ ಗೊತ್ತಾಗಲು ಎರಡು ಮೂರು ವಾರ ಹಿಡಿಯಬಹುದು. ನೀವು ಆಯ್ದ ದಿನಗಳಲ್ಲಿ ತಗೊಂಡರೆ ಸಿಗುವುದು ಮೊದಲನೆಯದು ಮಾತ್ರ. ಬೆಳಗಿನ ಬಿಗಿತ ಹೊತ್ತೇರುವವರೆಗೆ ಬಿಡುತ್ತಿಲ್ಲ ಅನ್ನುವುದಾದರೆ ಈಗ ದಿನಾ ತಗೊಳ್ಳುವುದೇ ಹೆಚ್ಚು ಉಪಯೋಗ. ಊತ ಕಡಿಮೆ ಇದ್ದರೆ, ಬೇಕಾದಾಗ ತಗೊಳ್ಳುವುದನ್ನು ಡಾಕ್ಟರ್‌ಗಳೂ ಒಪ್ಪುತ್ತಾರೆ. ಕಡಿಮೆ ಡೋಸ್, ಕಡಿಮೆ ದಿನ ಅನ್ನುವುದೇ ಅವರ ನಿಯಮ ಕೂಡ. ನಿಮ್ಮ ಲೆಕ್ಕಾಚಾರ ಕೆಟ್ಟದ್ದಲ್ಲ. ಅದು ನಿಮ್ಮ ಡಾಕ್ಟರ್‌ಗೆ ಗೊತ್ತಿಲ್ಲ ಅನ್ನುವುದೊಂದೇ ಕೊರತೆ. ನೀವು ದಿನಾ ಎರಡು ತಗೊಳ್ಳುತ್ತಿದ್ದೀರಿ ಅಂದುಕೊಂಡು ಅವರು ನಿಮ್ಮ ಊತ ನೋಡುತ್ತಾರೆ. "ಇಷ್ಟು ಕೊಟ್ಟರೂ ಇಳಿದಿಲ್ಲ" ಅಂತ ಔಷಧಿ ಏರಿಸಬಹುದು.

ದೇಹ ಒಗ್ಗಿಹೋಗುವ ಭಯವೂ ಬೇಡ. ಮಾರ್ಫಿನ್ ಥರದ ಔಷಧಿಗೆ ದೇಹ ಒಗ್ಗುವ ಹಾಗೆ ಇವುಗಳಿಗೆ ಒಗ್ಗುವುದಿಲ್ಲ, ಚಟವೂ ಆಗುವುದಿಲ್ಲ. ಮೊದಲು ಸಾಕಾಗುತ್ತಿದ್ದ ಡೋಸ್ ಈಗ ಸಾಲುತ್ತಿಲ್ಲ ಅಂದರೆ ಸಾಮಾನ್ಯವಾಗಿ ಕಾಯಿಲೆ ಜೋರಾಗಿದೆ ಅಂತ ಅರ್ಥ. ಮಾತ್ರೆ ಹೆಚ್ಚಿಸಿಕೊಳ್ಳದೆ ಡಾಕ್ಟರ್‌ಗೆ ಫೋನ್ ಮಾಡುವ ಸಮಯ ಅದು. ನೋವು ಮುಚ್ಚಿಹೋಗಿ ಕೀಲು ಹಾಳಾಗುವ ಮಾತು ಕೂಡ ಹಾಗೇ. ನೋವು ಕಡಿಮೆಯಾದರೆ ಕೈ ಆಡಿಸಲು ಆಗುತ್ತದೆ, ಆಡಿಸಿದರೆ ಸ್ನಾಯು ಉಳಿಯುತ್ತದೆ. ಕೀಲು ಕೆಂಪಾಗಿ ಬಿಸಿಯಾಗಿದ್ದಾಗ ಮಾತ್ರ ಭಾರ ಎತ್ತಬೇಡಿ, ಮಾತ್ರೆ ತಗೊಂಡಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಡಾಕ್ಟರ್ ಹತ್ತಿರ ಹೋಗುವ ದಿನ ಬೆಳಗಿನದು ಬಿಡುವುದರಿಂದ ನೀವು ಅಂದುಕೊಂಡಷ್ಟು ಪ್ರಯೋಜನ ಇಲ್ಲ. ನ್ಯಾಪ್ರಾಕ್ಸೆನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 12ರಿಂದ 17 ಗಂಟೆ ಬೇಕು. ಹಿಂದಿನ ರಾತ್ರಿ ತಗೊಂಡದ್ದು ಬೆಳಿಗ್ಗೆಯೂ ಕೆಲಸ ಮಾಡುತ್ತಾ ಇರುತ್ತದೆ. ಸುಮ್ನೆ ನೋವು ತಿಂದುಕೊಂಡು ಕಾಯುವ ಬದಲು "ಈ ವಾರ ಇಷ್ಟು ತಗೊಂಡೆ, ಕೊನೆಯದು ಇಷ್ಟು ಹೊತ್ತಿಗೆ" ಅಂತ ಹೇಳಿ. ಅವರು ಕೀಲು ಒತ್ತಿ ನೋಡುತ್ತಾರೆ, ಊತದ ಮಟ್ಟ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ನೋಡುತ್ತಾರೆ, ನಿಮ್ಮ ಮಾತನ್ನೂ ಸೇರಿಸಿ ತೂಗುತ್ತಾರೆ.

ಕೊನೆಗೆ ಹೊಟ್ಟೆ. ಎಲ್ಲರೂ ಕಿಡ್ನಿ ಕಿಡ್ನಿ ಅನ್ನುತ್ತಾರೆ, ಹೊಟ್ಟೆಯ ಮಾತು "ಊಟ ಆದ ಮೇಲೆ ತಗೋ" ಅನ್ನುವಲ್ಲಿಗೆ ಮುಗಿಯುತ್ತದೆ. ನಾನು ಯಾವತ್ತೂ ಊಟದ ನಂತರವೇ ತಗೊಂಡವಳು. ಹೊಟ್ಟೆನೋವು, ಎದೆಯುರಿ ಏನೂ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬರಲು ಶುರುವಾಯಿತು. ಮಲ ಕಪ್ಪಗೆ, ಡಾಂಬರಿನ ಹಾಗೆ ಅಂಟಂಟಾಗಿತ್ತು, ವಾಸನೆಯೇ ಬೇರೆ. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು, ಅದರಿಂದ ರಕ್ತ ಒಸರುತ್ತಿತ್ತು. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಕೂಡ ಇತ್ತು, ಅದಕ್ಕೂ ಔಷಧಿ ಕೊಟ್ಟರು. ಆಗ ತಿಳಿದದ್ದು: ಹೊಟ್ಟೆಯ ಒಳಪದರವನ್ನು ಕಾಯುವುದೂ ಪ್ರೋಸ್ಟಗ್ಲಾಂಡಿನ್ನೇ. ಮಾತ್ರೆ ರಕ್ತಕ್ಕೆ ಸೇರಿ ಅಲ್ಲಿಯೂ ಅದನ್ನು ಕಡಿಮೆ ಮಾಡುತ್ತದೆ. ಊಟದ ಜೊತೆ ತಗೊಂಡರೆ ಹೊಟ್ಟೆಗೆ ಹಿತ, ಆದರೆ ಹುಣ್ಣು ತಪ್ಪುತ್ತದೆ ಅನ್ನುವ ಭರವಸೆ ಇಲ್ಲ. ಇದೇ ಗುಂಪಿನ ನೋವಿನ ಇಂಜೆಕ್ಷನ್ ಹಾಕಿಸಿಕೊಂಡರೂ ಅಪಾಯ ಅದೇ. ಹುಣ್ಣು ಒಂದು ಚೂರೂ ನೋಯದೆ ಒಮ್ಮೆಲೇ ರಕ್ತ ಸುರಿಸಬಹುದು. ಮಲ ಕಪ್ಪಾದರೆ, ವಾಂತಿಯಲ್ಲಿ ಕಾಫಿ ಪುಡಿಯಂಥದ್ದು ಕಂಡರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಒಮೆಪ್ರಜೋಲ್ ನಿಮಗೆ ಬರೆದದ್ದು ಇದಕ್ಕೇ. ಅದನ್ನು ಗ್ಯಾಸ್ ಮಾತ್ರೆ ಅಂತ ಪಕ್ಕಕ್ಕೆ ಇಡಬೇಡಿ, ದಯವಿಟ್ಟು.

ನಸುಬೆಳಕು:

ನನಗೆ ಮಂಡಿ ಸವೆತ ಮಾತ್ರ, ಆರ್‌ಎ ಅಲ್ಲ. ಡೈಕ್ಲೋಫೆನಾಕ್ ಜೆಲ್ ಹಚ್ಚುತ್ತೇನೆ. ರಕ್ತಕ್ಕೆ ಸೇರುವುದು ಮಾತ್ರೆಗೆ ಹೋಲಿಸಿದರೆ ಬಹಳ ಕಡಿಮೆ, 6% ಆಸುಪಾಸು. ಚರ್ಮದ ಹತ್ತಿರ ಇರುವ ಮಂಡಿ, ಬೆರಳು ಇವಕ್ಕೆ ಆಗುತ್ತದೆ, ಸೊಂಟದ ಕೀಲು ಆಳದಲ್ಲಿದೆ, ಅಲ್ಲಿಗೆ ಮುಟ್ಟುವುದಿಲ್ಲ. ಒಂದೆರಡು ಬೆರಳು ಮಾತ್ರ ಕಾಡುವ ದಿನ ಮಾತ್ರೆ ಬದಲು ಇದು ಆದೀತಾ ಅಂತ ಕೇಳಿ ನೋಡಿ.

ಔಷಧಿಪೆಟ್ಟಿಗೆ:

ನಾನು ಫಾರ್ಮಸಿಸ್ಟ್. ಕೈಮರ ಬರೆದದ್ದಕ್ಕೆ ಸೇರಿಸಲು ಸ್ವಲ್ಪ ಇದೆ.

ನನ್ನ ಕಣ್ಣಿಗೆ ದಿನವೂ ಬೀಳುವ ವಿಷಯ ಇದು. ಒಂದೇ ಗುಂಪಿನ ಎರಡು ಮಾತ್ರೆಗಳನ್ನು ಬೇರೆ ಬೇರೆ ಹೆಸರಲ್ಲಿ ಒಟ್ಟಿಗೆ ನುಂಗುತ್ತಿರುತ್ತಾರೆ. ಕೀಲಿಗೆ ಅಂತ ನ್ಯಾಪ್ರಾಕ್ಸೆನ್ ಇದೆ. ತಲೆನೋವಿಗೆ, ಹಲ್ಲುನೋವಿಗೆ ಅಂತ ಇನ್ನೊಂದು ತಗೊಳ್ಳುತ್ತಾರೆ, ಅದರೊಳಗೆ ಐಬುಪ್ರೊಫೆನ್ ಅಥವಾ ಅಸೆಕ್ಲೋಫೆನಾಕ್ ಇರುತ್ತದೆ. ನೋವು ಎರಡು ಪಟ್ಟು ಕಡಿಮೆ ಆಗುವುದಿಲ್ಲ, ಹುಣ್ಣಿನ ಅಪಾಯ ಮಾತ್ರ ಏರುತ್ತದೆ. ಹಾಳೆಯ ಮೇಲೆ ಎಷ್ಟೋ ಸಲ ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ, ಓದಬೇಕಾದದ್ದು ಅದನ್ನು. ನಡುವೆ ಜ್ವರ, ತಲೆನೋವು ಬಂದರೆ ಪ್ಯಾರಸಿಟಮಾಲ್ ತಗೊಳ್ಳಬಹುದು, ಅದು ಈ ಗುಂಪಿನದಲ್ಲ. ಊತ ಇಳಿಸುವುದಿಲ್ಲ ಅಷ್ಟೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ.

ಹುಣ್ಣಿನ ಭಯಕ್ಕೆ "ಹೊಟ್ಟೆಗೆ ಮೃದು" ಅಂತ ಕಾಕ್ಸಿಬ್ (ಎಟೋರಿಕಾಕ್ಸಿಬ್ ಥರದ ಮಾತ್ರೆ) ಕೇಳಿಕೊಂಡು ಬರುವವರಿದ್ದಾರೆ. ಹುಣ್ಣು ಕಡಿಮೆ ಅನ್ನುವುದು ನಿಜ. ಆದರೆ ಅದೇ ಗುಂಪಿನ ರೋಫೆಕಾಕ್ಸಿಬ್‌ನಿಂದ ಹೃದಯಾಘಾತ ಹೆಚ್ಚಾಗುವುದು ಕಂಡು 2004ರಲ್ಲಿ ಅದನ್ನು ಜಗತ್ತಿನಾದ್ಯಂತ ವಾಪಸ್ ಪಡೆದರು. ಆಮೇಲೆ ನೋಡಿದರೆ ಹಳೆಯ ಡೈಕ್ಲೋಫೆನಾಕ್ ಕೂಡ ಹೃದಯದ ವಿಷಯದಲ್ಲಿ ನಿರಪಾಯಕಾರಿ ಅಲ್ಲ. ಹೃದಯದ ತೊಂದರೆ ಇದ್ದವರು ಯಾವುದನ್ನೂ ತಾವೇ ಬದಲಾಯಿಸಿಕೊಳ್ಳಬೇಡಿ.

ಇಬ್ಬನಿಯವರೇ, ನಿಮಗೆ ಬಿಪಿ ಇದೆಯಾ? ಬೇರೆ ಏನಾದರೂ ಮಾತ್ರೆ ನಡೆಯುತ್ತಿದೆಯಾ? ಚೀಟಿಯಲ್ಲಿ ಅದು ಬರಲಿಲ್ಲ, ಅದಕ್ಕೆ ಕೇಳಿದೆ.

ಇಬ್ಬನಿ:

ಇದೆ. ಟೆಲ್ಮಿಸಾರ್ಟನ್ 40, ಅದರ ಜೊತೆ ಹೈಡ್ರೋಕ್ಲೋರೋಥಯಜೈಡ್ 12.5, ಒಂದೇ ಮಾತ್ರೆಯಲ್ಲಿ. ಅದು ಬೇರೆ ಡಾಕ್ಟರ್, ಬೇರೆ ಚೀಟಿ. ಕೀಲಿಗೂ ಬಿಪಿಗೂ ಸಂಬಂಧ ಇರುತ್ತದೆ ಅಂತ ಅನಿಸಿರಲಿಲ್ಲ.

ಔಷಧಿಪೆಟ್ಟಿಗೆ:

ಸಂಬಂಧ ಇದೆ, ನೀವು ಭಯಪಟ್ಟ ಕಿಡ್ನಿಯ ವಿಷಯ ಇಲ್ಲೇ ಬರುತ್ತದೆ. ಕಿಡ್ನಿಯ ಸೋಸುವ ಭಾಗಕ್ಕೆ ರಕ್ತ ಒಳಗೆ ಬರುವ ನಾಳ ಒಂದು, ಹೊರಗೆ ಹೋಗುವ ನಾಳ ಇನ್ನೊಂದು. ದೇಹದಲ್ಲಿ ನೀರು ಕಡಿಮೆಯಾದಾಗ ಒಳಗೆ ಬರುವ ನಾಳವನ್ನು ಅಗಲವಾಗಿ ಇಡುವುದು ಪ್ರೋಸ್ಟಗ್ಲಾಂಡಿನ್. ನ್ಯಾಪ್ರಾಕ್ಸೆನ್ ಅದನ್ನು ತಗ್ಗಿಸುತ್ತದೆ. ಟೆಲ್ಮಿಸಾರ್ಟನ್ ಹೊರಗೆ ಹೋಗುವ ನಾಳವನ್ನು ಸಡಿಲಿಸುತ್ತದೆ. ಹೈಡ್ರೋಕ್ಲೋರೋಥಯಜೈಡ್ ಉಪ್ಪು, ನೀರನ್ನು ಮೂತ್ರದಲ್ಲಿ ಕಳಿಸುತ್ತದೆ. ಮೂರೂ ಸೇರಿದಾಗ ಸೋಸುವ ಒತ್ತಡವೇ ಬಿದ್ದುಹೋಗಬಹುದು. ಅದರ ಮೇಲೆ ನ್ಯಾಪ್ರಾಕ್ಸೆನ್ ಬಿಪಿಯನ್ನೂ ಸ್ವಲ್ಪ ಏರಿಸಬಲ್ಲದು. ಮೆಥೋಟ್ರೆಕ್ಸೇಟ್ ಹೊರಗೆ ಹೋಗುವುದೂ ಕಿಡ್ನಿ ಮೂಲಕವೇ. ಕಿಡ್ನಿ ನಿಧಾನವಾದರೆ ಅದು ದೇಹದಲ್ಲಿ ನಿಲ್ಲುತ್ತದೆ.

ಎಷ್ಟೋ ಆರ್‌ಎ ರೋಗಿಗಳು ನ್ಯಾಪ್ರಾಕ್ಸೆನ್, ಮೆಥೋಟ್ರೆಕ್ಸೇಟ್ ಎರಡನ್ನೂ ಒಟ್ಟಿಗೆ ತಗೊಳ್ಳುತ್ತಾರೆ, ರಕ್ತ ಪರೀಕ್ಷೆ ಮಾಡಿಸುತ್ತಾ. ಹಾಗಾಗಿ ಗಾಬರಿ ಬೇಡ. ಬಿಪಿ ಮಾತ್ರೆಯನ್ನೋ ಮೆಥೋಟ್ರೆಕ್ಸೇಟನ್ನೋ ನೀವಾಗಿ ನಿಲ್ಲಿಸಬೇಡಿ. ಆದರೆ ಈ ವಾರವೇ ಕೀಲಿನ ಡಾಕ್ಟರ್‌ಗೆ ಬಿಪಿ ಮಾತ್ರೆಯ ವಿಷಯ ತಿಳಿಸಿ. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಸೋಸುತ್ತಿದೆ ಅಂತ ತೋರಿಸುವುದು), ಪೊಟ್ಯಾಸಿಯಂ ನೋಡಿಸಲು ಕೇಳಿ. ಅವರು ನ್ಯಾಪ್ರಾಕ್ಸೆನ್ ಕಡಿಮೆ ಮಾಡಬಹುದು, ಬಿಪಿ ಮಾತ್ರೆ ಬದಲಾಯಿಸಲು ಹೇಳಬಹುದು. ಅಲ್ಲಿಯವರೆಗೆ ಜೋರು ವಾಂತಿ ಭೇದಿ ಆದರೆ, ನೀರೂ ನಿಲ್ಲುತ್ತಿಲ್ಲ ಅಂದರೆ, ಆ ದಿನ ನ್ಯಾಪ್ರಾಕ್ಸೆನ್ ತಗೊಳ್ಳಬೇಡಿ. ಉಳಿದ ಮಾತ್ರೆಗಳ ಬಗ್ಗೆ ತಕ್ಷಣ ಫೋನ್ ಮಾಡಿ ಕೇಳಿ.

ಹಳೇಬೇರು:

ನನಗೂ ಇದು ಹೊಸ ವಿಷಯ. ನನ್ನ ಬಿಪಿ ಮಾತ್ರೆಯ ಹಾಳೆ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಅಮ್ಲೋಡಿಪಿನ್ ಮಾತ್ರ ಇದೆ.

ಔಷಧಿಪೆಟ್ಟಿಗೆ:

ಅದು ನಾನು ಹೇಳಿದ ಆ ಮೂರರ ಗುಂಪಿಗೆ ಸೇರುವುದಿಲ್ಲ. ಆದರೆ ಎಟೋರಿಕಾಕ್ಸಿಬ್ ಬಿಪಿ ಏರಿಸುವುದರಲ್ಲಿ ಮುಂದು. ತಗೊಳ್ಳುವ ದಿನಗಳಲ್ಲಿ ಬಿಪಿ ನೋಡಿಕೊಳ್ಳಿ, ಹತೋಟಿ ತಪ್ಪಿದರೆ ಡಾಕ್ಟರ್‌ಗೆ ಹೇಳಿ.

ಇಬ್ಬನಿ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಕೀಲಿನ ಡಾಕ್ಟರ್ ಕ್ಲಿನಿಕ್‌ಗೆ ಫೋನ್ ಮಾಡಿದೆ. ನರ್ಸ್ ಬಿಪಿ ಮಾತ್ರೆಯ ಹೆಸರು ಬರೆದುಕೊಂಡರು, ನಾಳೆ ಬಂದು ರಕ್ತ ಕೊಡಿ ಅಂದರು. ವರದಿ ಬರುವವರೆಗೆ ನ್ಯಾಪ್ರಾಕ್ಸೆನ್ ನಿಲ್ಲಿಸಿ, ನೋವಿಗೆ ಪ್ಯಾರಸಿಟಮಾಲ್ ತಗೊಳ್ಳಿ ಅಂತ ಡಾಕ್ಟರ್ ಹೇಳಿಸಿದರು. ನಾನು ನಿಜವಾಗಿ ಎಷ್ಟು ನ್ಯಾಪ್ರಾಕ್ಸೆನ್ ತಗೊಳ್ಳುತ್ತಿದ್ದೆ ಅನ್ನುವುದನ್ನೂ ಹೇಳಿದೆ. ಅವರು ಬೈಯಲಿಲ್ಲ. "ಹಾಗಾದರೆ ಊತದ ಲೆಕ್ಕ ಬೇರೆ ಆಗುತ್ತದೆ, ಒಳ್ಳೆಯದಾಯಿತು ಹೇಳಿದ್ದು" ಅಂದರು.

ಎರಡು ಸಣ್ಣ ಪ್ರಶ್ನೆ ಉಳಿದಿವೆ. ಮುಂದೆ ನ್ಯಾಪ್ರಾಕ್ಸೆನ್ ದಿನಕ್ಕೆ ಒಂದೇ ಸಾಕು ಅಂದರೆ, ಅದನ್ನು ಬೆಳಿಗ್ಗೆ ತಗೊಳ್ಳುವುದಾ, ರಾತ್ರಿಯಾ? ನನ್ನ ಬಿಗಿತ ಜೋರಾಗಿರುವುದು ಎದ್ದ ಹೊತ್ತಿನಲ್ಲಿ. ಮತ್ತೆ, ನ್ಯಾಪ್ರಾಕ್ಸೆನ್ ಬಿಟ್ಟ ದಿನ ಒಮೆಪ್ರಜೋಲ್ ಕೂಡ ಬಿಡಬಹುದಾ?

ಕೈಮರ:

ಒಳ್ಳೆಯ ಕೆಲಸ ಮಾಡಿದಿರಿ. ಒಂದೇ ಸಾಕು ಅಂದರೆ ನಾನಾದರೆ ರಾತ್ರಿ ಊಟದ ನಂತರ ತಗೊಳ್ಳುತ್ತೇನೆ. ಎದ್ದಾಗ ಅದರ ಗುಣ ಇನ್ನೂ ಇರುತ್ತದೆ. ಎದ್ದ ಮೇಲೆ ನುಂಗಿದರೆ ಅದು ಕೆಲಸ ಶುರು ಮಾಡುವವರೆಗೆ ಬಿಗಿತದಲ್ಲೇ ಕೂತಿರಬೇಕು. ನಿಮ್ಮ ಡಾಕ್ಟರ್‌ಗೂ ಒಂದು ಮಾತು ಕೇಳಿಕೊಳ್ಳಿ.

ಒಮೆಪ್ರಜೋಲ್ ಒಂದು ದಿನ ತಗೊಂಡು ಒಂದು ದಿನ ಬಿಡುವ ಮಾತ್ರೆಯಲ್ಲ. ಅದರ ಪೂರ್ತಿ ಪರಿಣಾಮ ಬರಲು ಕೆಲವು ದಿನ ಬಿಡದೆ ತಗೊಳ್ಳಬೇಕು. ವಾರದಲ್ಲಿ ಮೂರ್ನಾಲ್ಕು ಸಲ ನ್ಯಾಪ್ರಾಕ್ಸೆನ್ ತಗೊಳ್ಳುವುದು ಇದ್ದರೆ ಒಮೆಪ್ರಜೋಲ್ ದಿನಾ ಇರಲಿ, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು. ನ್ಯಾಪ್ರಾಕ್ಸೆನ್ ಪೂರ್ತಿ ನಿಂತ ಮೇಲೆ ಅದನ್ನು ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರ್ ಹೇಳುತ್ತಾರೆ. ರಕ್ತದ ವರದಿ ಬಂದ ಮೇಲೆ ಕ್ರಿಯಾಟಿನಿನ್ ಎಷ್ಟಿತ್ತು, ಏನು ಬದಲಾಯಿಸಿದರು ಅಂತ ಇಲ್ಲೇ ಬರೆಯಿರಿ. ಬಿಪಿ ಮಾತ್ರೆ ತಗೊಳ್ಳುವ ಬೇರೆಯವರೂ ಇದನ್ನು ಓದುತ್ತಿರುತ್ತಾರೆ.